ಮೂರನೆಯ ದಿನದಿಂದ ನಲವತ್ತು

ನಾನು ಗಣಿತದ ಟೀಚರು. ಬಸವೇಶ್ವರನಗರದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಲೆಕ್ಕ ಹೇಳಿಕೊಟ್ಟಿದ್ದೇನೆ. ಮೇಡಮ್ಮಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮಕ್ಕಳು ಬೆನ್ನ ಹಿಂದೆ ಹೇಳಿಕೊಳ್ಳುತ್ತಿದ್ದರಂತೆ. ಸುಳ್ಳೇನಲ್ಲ. ಪ್ರಮೇಯ ಮರೆತರೆ ಕ್ಷಮಿಸಿಯೇನು, ಎಣಿಕೆ ತಪ್ಪಿದರೆ ಮೈಯೆಲ್ಲ ಉರಿಯುತ್ತದೆ. ಅಂಥ ನಾನು ನಲವತ್ತರವರೆಗೆ ಎಣಿಸುವುದರಲ್ಲಿ ತಪ್ಪಿ, ಒಂದು ಮಧ್ಯಾಹ್ನ ಮಲ್ಲತ್ತಹಳ್ಳಿ ಕೆರೆಯ ದಂಡೆಯ ಮೇಲೆ ಹುಚ್ಚಿಯ ಹಾಗೆ ಓಡಿದ್ದೇನೆ. ಇದನ್ನು ಮುಚ್ಚಿಟ್ಟರೆ ನನ್ನಿಂದ ಬೈಸಿಕೊಂಡ ಅಷ್ಟೂ ಮಕ್ಕಳಿಗೆ ಮೋಸ ಮಾಡಿದ ಹಾಗಾಗುತ್ತದೆ.

ನಾವು ಕ್ರೈಸ್ತರು. ಭಾನುವಾರಗಳಲ್ಲಿ ನಮ್ಮ ಚರ್ಚಿನ ಸಭೆಯ ಮಕ್ಕಳಿಗೆ ಪಾಠ ಹೇಳುವುದೂ ನನ್ನ ಪಾಲಿಗೆ ಬಂದಿತ್ತು. ಪ್ರತಿ ಈಸ್ಟರ್ ಹತ್ತಿರ ಬಂದಾಗ ಯಾವುದಾದರೂ ಒಂದು ಚೂಟಿ ಮಗು ಕೈ ಎತ್ತುತ್ತಿತ್ತು. "ಆಂಟಿ, ಶುಕ್ರವಾರ ಸತ್ರು, ಭಾನುವಾರ ಎದ್ರು, ಮೂರು ದಿನ ಹೆಂಗಾಯ್ತು?" ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಶಿಲುಬೆಯ ಮೇಲೆ ಸ್ವಾಮಿಯ ಪ್ರಾಣ ಹೋಯಿತು. ಭಾನುವಾರ ಹೆಂಗಸರು ನಸುಕಿನಲ್ಲೇ ಹೋಗಿ ನೋಡುವಷ್ಟರಲ್ಲಿ ಸಮಾಧಿ ಬರಿದಾಗಿತ್ತು. ಕೂಡಿ ನೋಡಿ: ಶುಕ್ರವಾರದ್ದು ಒಂಬತ್ತು ಗಂಟೆ, ಶನಿವಾರದ್ದು ಇಪ್ಪತ್ನಾಲ್ಕು, ಭಾನುವಾರದ್ದು ಐದೋ ಆರೋ. ನಲವತ್ತು ಗಂಟೆಯೂ ತುಂಬುವುದಿಲ್ಲ. ಇದೇ ಪ್ರಶ್ನೆಯನ್ನು ನಾನೂ ಚಿಕ್ಕಂದಿನಲ್ಲಿ ಅಪ್ಪನಿಗೆ ಕೇಳಿದ್ದೆ.

ಅಪ್ಪ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಕೆಲಸಗಾರ. ಕೂದಲೆಳೆಯ ಅಳತೆಯಲ್ಲೇ ಅವರ ಅನ್ನ. ಪಾದ್ರಿಗಳು ಊರಲ್ಲಿ ಇಲ್ಲದ ಭಾನುವಾರ ಸಭೆಯಲ್ಲಿ ಸುವಾರ್ತೆ ಓದಿ ನಾಲ್ಕು ಮಾತು ಹೇಳುತ್ತಿದ್ದವರೂ ಅವರೇ. ನನ್ನ ಪ್ರಶ್ನೆ ಕೇಳಿ ನಕ್ಕುಬಿಟ್ಟಿದ್ದರು. "ಅದು ವರ್ನಿಯರ್ ಹಿಡ್ದು ಅಳೆಯೋ ಮೂರಲ್ಲ ಕಣೇ. ಬಾಯಲ್ಲಿ ಎಣಿಸೋ ಮೂರು." ನನಗೆ ಅದು ಜಾರಿಕೊಳ್ಳುವ ಉತ್ತರ ಎನಿಸಿತ್ತು. ಆದರೂ ಟೀಚರಾದ ಮೇಲೆ ನಾನೂ ಮಕ್ಕಳಿಗೆ ಅದನ್ನೇ ಹೇಳಿ ಜಾರಿಕೊಂಡೆ. ಇನ್ನೇನು ಮಾಡಲಿ?

ನನ್ನ ಮದುವೆ ಕುರುಬರಹಳ್ಳಿಯ ಒಂದು ಹಿಂದೂ ಮನೆಗೆ ಆಯಿತು. ಎರಡೂ ಕಡೆಯವರು ಆರು ತಿಂಗಳು ಮುಖ ಊದಿಸಿಕೊಂಡಿದ್ದು, ಆಮೇಲೆ ಮಗು ಹುಟ್ಟುತ್ತದೆ ಎಂದಾಗ ಒಬ್ಬರಿಗಿಂತ ಒಬ್ಬರು ಮುಂದಾಗಿ ಉಪ್ಪಿನಕಾಯಿ ಕಳಿಸಿದರು. ನನ್ನ ಅತ್ತೆ ಆ ಕಾಲದಲ್ಲೇ ಬೀದಿಯಲ್ಲಿ ಸೊಪ್ಪು ಮಾರಿ ಮೂರು ಮಕ್ಕಳನ್ನು ಸಾಕಿದವರು. ಮಾತು ಒರಟು, ಕೈ ಧಾರಾಳ. ನನ್ನನ್ನು ಹೆಸರು ಹಿಡಿದು ಕರೆದವರೇ ಅಲ್ಲ. ಮೊದಲ ದಿನದಿಂದಲೂ ನಾನು ಅವರಿಗೆ "ಟೀಚ್ರಮ್ಮ."

ಎರಡು ಸಾವಿರದ ಆಚೆಗೆ, ಆ ದಶಕದ ನಡುವಿನ ಒಂದು ವರ್ಷ, ಈಸ್ಟರ್ ಕಳೆದು ನಾಲ್ಕು ತಿಂಗಳಾಗಿದ್ದಾಗ ಅಪ್ಪ ತೀರಿಕೊಂಡರು. ನಿವೃತ್ತಿಯ ಮೇಲೆ ಅವರು ಮಲ್ಲತ್ತಹಳ್ಳಿಯಲ್ಲಿ ಸಣ್ಣ ಮನೆ ಕಟ್ಟಿಸಿಕೊಂಡು ಅಮ್ಮನ ಜೊತೆ ಇದ್ದರು. ಒಂದು ಶುಕ್ರವಾರ ಸಂಜೆ ಕಾಫಿ ಲೋಟ ಕೆಳಗಿಟ್ಟು, ಎದೆ ಒತ್ತಿಕೊಂಡು, ಬಾಗಿಲ ಬಳಿಯ ಕುರ್ಚಿಯಲ್ಲೇ ಹೋಗಿಬಿಟ್ಟರು. ಶನಿವಾರ ಮಧ್ಯಾಹ್ನ ನಮ್ಮ ಸಭೆಯ ಸ್ಮಶಾನದಲ್ಲಿ ಮಣ್ಣಾಯಿತು. ನಾನು ಒಬ್ಬಳೇ ಮಗಳು. ಮಾಡಬೇಕಾದದ್ದೆಲ್ಲ ಗಟ್ಟಿಯಾಗಿ ನಿಂತು ಮಾಡಿದೆ.

ಅಂದು ನಾನೂ ಅತ್ತೆಯೂ ಅಮ್ಮನ ಮನೆಯಲ್ಲೇ ಉಳಿದೆವು. ಭಾನುವಾರ ಕೋಳಿ ಕೂಗುವ ಹೊತ್ತಿಗೆ ಎದ್ದು ನೋಡಿದರೆ ಅತ್ತೆ ಅಡುಗೆಮನೆಯಲ್ಲಿ ಹಾಲು ಕಾಯಿಸಿ ಚೊಂಬಿಗೆ ಸುರಿಯುತ್ತಿದ್ದಾರೆ, ಪಕ್ಕದಲ್ಲಿ ತುಪ್ಪದ ಬಟ್ಟಲು. ಅಮ್ಮ ಆಗಲೇ ತಲೆ ಬಾಚಿ, ಬಿಳಿ ಸೀರೆ ಉಟ್ಟು, ಮಡಿಲಲ್ಲಿ ಸೇವಂತಿಗೆ ಹೂ ಇಟ್ಟುಕೊಂಡು ಕೂತಿದ್ದಾರೆ. ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಇಬ್ಬರೂ ಹೊರಟಿದ್ದು ಮಾತ್ರ ಒಂದೇ ಜಾಗಕ್ಕೆ.

"ಎಲ್ಲಿಗೆ?" ಎಂದೆ.

"ಇನ್ನೆಲ್ಲಿಗೆ? ಇವತ್ತು ಮೂರನೇ ದಿನ. ಹಾಲು ತುಪ್ಪ ಬಿಡ್ಬೇಕು. ಮಣ್ಣು ಮಾಡಿದ ಜಾಗಕ್ಕೆ ಮೂರನೇ ದಿನ ಯಾರೂ ಹೋಗ್ದೆ ಇರೋದುಂಟಾ?" ಎಂದರು ಅತ್ತೆ.

"ನಿನ್ನೆ ಮಧ್ಯಾಹ್ನ ಮಣ್ಣು ಮಾಡಿದ್ದು ಅತ್ತೆ. ಮೊನ್ನೆ ಸಂಜೆ ಹೋಗಿದ್ದು. ಇನ್ನೂ ಎರಡು ದಿನಾನೂ ಆಗಿಲ್ಲ." ದುಃಖದಲ್ಲೂ ನನ್ನ ಚಾಳಿ ಬಿಡಲಿಲ್ಲ ನೋಡಿ.

"ಹೋದ ದಿನಾನೂ ದಿನಾನೇ ಅಲ್ವೇನಮ್ಮಾ? ಅವತ್ತೇನು ಸೂರ್ಯ ಹುಟ್ಟಿರ್ಲಿಲ್ವಾ? ಶುಕ್ರವಾರ ಒಂದು, ಶನಿವಾರ ಎರಡು, ಇವತ್ತು ಮೂರು." ಚೊಂಬಿಗೆ ತಟ್ಟೆ ಮುಚ್ಚುತ್ತ ನನ್ನ ಕಡೆ ತಿರುಗಿದರು. "ಅದಿರ್ಲಿ. ಇವತ್ತು ಭಾನುವಾರ. ಎಂಟು ದಿನ ಬಿಟ್ಟು ಬಾ ಅಂದ್ರೆ ಯಾವತ್ತು ಬರ್ತೀಯ?"

"ಮುಂದಿನ ಭಾನುವಾರ."

"ನಿನ್ನ ಪುಸ್ತಕದ ಲೆಕ್ಕದಲ್ಲಿ ಅದು ಏಳಲ್ವಾ?"

ಬೆರಳು ಮಡಚಿ ಎಣಿಸಿದೆ, ಏಳೇ. ಹುಟ್ಟಿದಾಗಿನಿಂದ ವಾರಕ್ಕೆ ಎಂಟು ದಿನ ಎಂದೇ ಹೇಳುತ್ತ ಬಂದಿದ್ದೇನೆ, ಒಂದು ಸಲವೂ ಎಣಿಸಿ ನೋಡಿರಲಿಲ್ಲ. ಸ್ವಾಮಿ ಎದ್ದದ್ದನ್ನು ನಂಬದ ಆ ಒಬ್ಬ ಶಿಷ್ಯನಿಗೆ ಗಾಯ ಮುಟ್ಟಿಸಿದ್ದು ಎಂಟು ದಿನದ ಮೇಲೆ ಎಂದು ಸುವಾರ್ತೆಯಲ್ಲಿ ಇದೆ. ಅದೂ ಭಾನುವಾರದಿಂದ ಭಾನುವಾರಕ್ಕೆ. ಆ ಕಾಲದ ಆ ದೇಶದ ಜನರೂ ನನ್ನ ಅತ್ತೆಯ ಹಾಗೇ ಎಣಿಸುತ್ತಿದ್ದರು. ಮೊದಲನೆಯ ದಿನವೂ ದಿನವೇ, ತುಂಡಾದ ದಿನವೂ ದಿನವೇ. ಅಷ್ಟು ವರ್ಷ ನನ್ನನ್ನು ಕಾಡಿದ ಲೆಕ್ಕವನ್ನು ಸೊಪ್ಪು ಮಾರುವ ಹೆಂಗಸು ಹಾಲು ಆರುವಷ್ಟರಲ್ಲಿ ಬಿಡಿಸಿಬಿಟ್ಟರು. ಅಂದಿನಿಂದ ಯಾವ ಮಗು ಕೇಳಿದರೂ ನಾನು ಜಾರಿಕೊಂಡಿಲ್ಲ. ಮೂರು ಎಂದರೆ ಮೂರೇ.

ಆಟೋದಲ್ಲಿ ಮೂವರೂ ಹೋದೆವು. ಸ್ಮಶಾನದ ಗೇಟನ್ನು ಬರೀ ಮುಂದೆ ಮಾಡಿದ್ದರು. ಕಾವಲಿನವನು ಕಂಬಳಿಯೊಳಗಿಂದಲೇ ಅತ್ತೆಯ ಕೈಯ ಚೊಂಬನ್ನು ನೋಡಿದ. ಮಣ್ಣು ಇನ್ನೂ ಹಸಿ. ಹಿಂದಿನ ದಿನದ ಹಾರಗಳು ಇಬ್ಬನಿಗೆ ಒದ್ದೆಯಾಗಿ ಬಿದ್ದಿದ್ದವು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ತಲೆಯ ಕಡೆಯಿಂದ ಕಾಲಿನವರೆಗೆ ಹಾಲು ಬಿಟ್ಟರು, ತುಪ್ಪ ಬಿಟ್ಟರು. "ನಿಧಾನಕ್ಕೆ ಹೋಗ್ಬಿಟ್ಟು ಬನ್ನಿ ಬೀಗ್ರೇ," ಎಂದು ಊರಿಗೆ ಹೊರಟವರಿಗೆ ಹೇಳುವಂತೆ ಹೇಳಿದರು.

ಅಮ್ಮ ಹೂ ಹಾಕಲಿಲ್ಲ. ಮಂಡಿಯೂರಿ ಕೂತು ಅಂಗೈಯನ್ನು ಮಣ್ಣಿನ ಮೇಲೆ ಇಟ್ಟು, ಅಲ್ಲಿ ಇಲ್ಲಿ ಒತ್ತಿ ನೋಡಿದರು. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಹೇಳಿದರು, "ಮುಚ್ಚೇ ಇದೆಯಲ್ಲೇ."

ಅಯ್ಯೋ ದೇವರೇ! ಅರವತ್ತು ವರ್ಷ ಆ ಕಥೆ ಕೇಳಿದ ಹೆಂಗಸು. ಮೂರನೆಯ ದಿನ ನಸುಕಿನಲ್ಲಿ ಹೋದ ಹೆಂಗಸರಿಗೆ ಕಲ್ಲು ಉರುಳಿದ್ದು ಕಂಡಿತ್ತು. ಇವರಿಗೂ ಒಳಗೆಲ್ಲೋ ಒಂದು ಆಸೆ ಇತ್ತು. ಅದು ಸ್ವಾಮಿಗೊಬ್ಬರಿಗೇ ಮೊದಲು, ನಮ್ಮ ಸರದಿ ಕಡೆಯ ದಿನಕ್ಕೆ ಎಂದು ಅಮ್ಮನಿಗೆ ಗೊತ್ತಿರಲಿಲ್ಲವೇ? ನನಗಿಂತ ಚೆನ್ನಾಗಿ ಗೊತ್ತಿತ್ತು. ಹಾಗಂತ ನಾನು ಹೇಳಿಯೂ ಹೇಳಿದೆ.

"ಗೊತ್ತು ಕಣೇ. ಗೊತ್ತಿದ್ರೆ ಹೊಟ್ಟೆ ತುಂಬತ್ತಾ?" ಎಂದರು. ಹೂವನ್ನು ಅಲ್ಲೇ ಬಿಟ್ಟು ಎದ್ದರು.

ಅಲ್ಲಿಂದ ನೇರ ಆರಾಧನೆಗೆ ಹೋದೆವು. ಹಾಲಿನ ಸುದ್ದಿ ನಮಗಿಂತ ಮುಂಚೆ ತಲುಪಿತ್ತು. ಆರಾಧನೆ ಮುಗಿದು ಹೊರಗೆ ಬಂದಾಗ ಸಭೆಯ ಹಿರಿಯರೊಬ್ಬರು ಅಂಗಳದಲ್ಲಿ ಎಲ್ಲರ ಎದುರಿಗೆ ಅಮ್ಮನನ್ನು ತಡೆದರು. "ಇದೆಲ್ಲ ನಮ್ಮಲ್ಲಿ ಇಲ್ಲ ಸಿಸ್ಟರ್. ಮೂರನೇ ದಿನ ಗೋರಿಗೆ ಹೋಗೋದು, ಹಾಲು ಸುರಿಯೋದು, ಇದು ಅನ್ಯರ ಪದ್ಧತಿ. ನೀವೇ ಹೀಗೆ ಮಾಡಿದ್ರೆ ಹೇಗೆ? ನಿಮ್ಮ ಯಜಮಾನರು ಇದ್ದಿದ್ರೆ ಒಪ್ತಾ ಇದ್ರಾ?" ಅಮ್ಮ ತಲೆ ತಗ್ಗಿಸಿದರು. ಅತ್ತೆ ಗೇಟಿನ ಹೊರಗೆ ಖಾಲಿ ಚೊಂಬು ಹಿಡಿದು ನಿಂತಿದ್ದರು, ಎಲ್ಲ ಕೇಳಿಸಿಕೊಳ್ಳುತ್ತ.

ನನಗೆ ಎಲ್ಲಿತ್ತೋ ಸಿಟ್ಟು. "ಸಾರ್, ಒಂದು ನಿಮಿಷ," ಎಂದೆ. "ಮೂರನೇ ದಿನ ಬೆಳಗ್ಗೆ ಸ್ವಾಮಿಯ ಗೋರಿಗೆ ಹೋದವರು ಯಾರು? ಹೆಂಗಸರು. ಖಾಲಿ ಕೈಯಲ್ಲಿ ಹೋದ್ರಾ? ಸುಗಂಧ ದ್ರವ್ಯ ತಗೊಂಡು ಹೋದ್ರು, ಮೈಗೆ ಹಚ್ಚೋಕೆ. ಆಗ ನಿಮ್ಮಂಥ ಹಿರಿಯರು ಎಲ್ಲಿದ್ರು? ಬಾಗಿಲು ಹಾಕ್ಕೊಂಡು ಒಳಗೆ ಕೂತಿದ್ರು. ಆ ಹೆಂಗಸ್ರನ್ನೂ ಯಾರಾದ್ರೂ ಹಿಂಗೇ ಅಂಗಳದಲ್ಲಿ ತಡೆದು ನಿಲ್ಲಿಸಿದ್ದಿದ್ರೆ, ಎದ್ದ ಸುದ್ದಿ ನಿಮಗೆ ಇವತ್ತಿಗೂ ಬರ್ತಿರ್ಲಿಲ್ಲ!"

ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕೆಟ್ಟವರಲ್ಲ, ಅಪ್ಪನ ಪೆಟ್ಟಿಗೆಗೆ ಹೆಗಲು ಕೊಟ್ಟವರೇ. ಆದರೆ ಮುಂದಿನ ವಾರ ಕಮಿಟಿ ಕೂಡಿ, ನನಗೆ ದುಃಖದ ಸಮಯವಾದ್ದರಿಂದ ಎರಡು ತಿಂಗಳು ಮಕ್ಕಳ ಪಾಠದಿಂದ ವಿಶ್ರಾಂತಿ ಎಂದು ತೀರ್ಮಾನಿಸಿತು. ಕೊಡಲಿ ಬಿಡಿ, ನಾನೇನು ಅತ್ತುಕೊಂಡು ಕೂರಲಿಲ್ಲ. ಅಂದು ಆಡಿದ್ದರಲ್ಲಿ ಒಂದಕ್ಷರವನ್ನೂ ಇಂದಿಗೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ನನಗೆ ಭಯವಿದ್ದದ್ದು ಅಮ್ಮನದು. ಆ ಭಾನುವಾರದಿಂದ ಅವರು ಊಟ ಬಿಟ್ಟರು. ಪೂರ್ತಿ ಅಲ್ಲ. ಎರಡು ತುತ್ತು ಅನ್ನ, ಅರ್ಧ ಲೋಟ ಮಜ್ಜಿಗೆ. ಬಾಗಿಲು ತೆರೆದಿಟ್ಟು ಹೊಸ್ತಿಲ ಪಕ್ಕ ಕೂತುಬಿಡುತ್ತಿದ್ದರು. ಎರಡು ತಟ್ಟೆ ಹಾಕುತ್ತಿದ್ದರು. ಕುರುಬರಹಳ್ಳಿಗೆ ಬನ್ನಿ ಎಂದರೆ, "ಅವರು ಬಂದಾಗ ಬಾಗಿಲಿಗೆ ಬೀಗ ಇದ್ರೆ?" ಎನ್ನುವರು. ನಾನು ಹೌಹಾರಿದೆ. ನಾಗರಭಾವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆ, ಇ.ಸಿ.ಜಿ., ಎಲ್ಲ ಸರಿ. "ಕಾಯಿಲೆ ಏನೂ ಇಲ್ಲ. ಬದುಕೋ ಮನಸ್ಸು ಮಾಡ್ಬೇಕಷ್ಟೆ, ಈ ವಯಸ್ಸಲ್ಲಿ ಹೀಗೇ ಹೋದ್ರೆ ಜಾಸ್ತಿ ದಿನ ತಡೆಯಲ್ಲ," ಎಂದು ನನಗೊಬ್ಬಳಿಗೇ ಹೇಳಿದರು.

ಅಂದು ಸಂಜೆ ಜಗಳವಾಡಿದೆ. ತಾಯಿಯ ಹತ್ತಿರ ಜಗಳವಾಡದೆ ಇನ್ಯಾರ ಹತ್ತಿರ ಆಡಲಿ? "ನೀನೂ ಹೋಗ್ಬೇಕು ಅಂತ ಮಾಡಿದ್ದೀಯೇನಮ್ಮ? ನನಗಿನ್ನು ಯಾರಿದ್ದಾರೆ?" ಎಂದು ಕಿರುಚಿದೆ.

ಅಮ್ಮ ಸಮಾಧಾನವಾಗಿಯೇ ಇದ್ದರು. "ಸ್ವಾಮಿ ಎದ್ದ ಮೇಲೆ ತಕ್ಷಣ ಮೇಲಕ್ಕೆ ಹೋದ್ರಾ? ನಲವತ್ತು ದಿನ ಇಲ್ಲೇ ಇದ್ರಲ್ಲ. ಅಲ್ಲಿ ಇಲ್ಲಿ ಕಾಣಿಸ್ಕೊಂಡ್ರು, ಮೀನು ಸುಟ್ಟು ಕೊಟ್ರು, ಹೆದ್ರಬೇಡಿ ಅಂದ್ರು. ತಮ್ಮೋರು ಅಂತ ಅಲ್ವಾ, ಅಷ್ಟು ಟೈಮ್ ಕೊಟ್ಟಿದ್ದು? ನಂಗೂ ನಲವತ್ತು ದಿನ ಕೊಡೇ. ಆ ಭಾನುವಾರದಿಂದ ನಲವತ್ತು. ಅಲ್ಲೀವರೆಗೂ ಹಿಂಗೇ ಕೂತ್ಕೊಂಡಿರ್ತೀನಿ."

"ಆಮೇಲೆ?"

"ಆಮೇಲೆ ನೋಡೋಣ."

ಈ "ನೋಡೋಣ" ನನ್ನ ನಿದ್ದೆ ಕೆಡಿಸಿತು. ಆದರೂ ನಲವತ್ತು ದಿನ ಎಂದು ಒಪ್ಪಂದವಾಯಿತು. ಅಷ್ಟು ದಿನ ದಿನಕ್ಕೆರಡು ಸಲ ಗಂಜಿ ಕುಡಿಯಬೇಕು, ಅದು ನನ್ನ ಷರತ್ತು. ಅಮ್ಮ ಒಪ್ಪಿದರು. ಸ್ಕೂಲು ಬಿಟ್ಟ ಕೂಡಲೇ ಬಸ್ಸು ಹತ್ತಿ ದಿನವೂ ಮಲ್ಲತ್ತಹಳ್ಳಿಗೆ ಹೋಗಿ ಗಂಜಿ ಕುಡಿಸಿ, ಕತ್ತಲಾಗುವ ಮುಂಚೆ ಕುರುಬರಹಳ್ಳಿಗೆ ವಾಪಸ್ಸಾಗುತ್ತಿದ್ದೆ. ನಾನಿಲ್ಲದಾಗ ಎದುರು ಮನೆಯವರು ಕೆಲಸದ ನಡುನಡುವೆ ಬಂದು ನೋಡಿಕೊಂಡು ಹೋಗುತ್ತಿದ್ದರು. ಹಾವೇರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಗಂಡ ಹೆಂಡತಿ. ಆ ಹೆಂಗಸಿಗೆ ನನ್ನ ಸ್ಕೂಲಿನ ಫೋನ್ ನಂಬರು ಬರೆದುಕೊಟ್ಟಿದ್ದೆ.

ಅಮ್ಮನಿಗೆ ಓದು ಬಾರದು. ಹಿಂದೆ ಅಪ್ಪ ಓದಿ ಹೇಳುತ್ತಿದ್ದುದನ್ನು ಈಗ ನಾನು ಓದತೊಡಗಿದೆ. ಒಂದು ಸಂಜೆ ಸ್ವರ್ಗಾರೋಹಣದ ಭಾಗ ಬಂತು. ಗುಡ್ಡದ ಮೇಲೆ ಶಿಷ್ಯರು ನೋಡನೋಡುತ್ತಿದ್ದ ಹಾಗೆಯೇ ಸ್ವಾಮಿಯನ್ನು ಮೋಡ ಮರೆಮಾಡಿತು. ಅವರು ನಮಸ್ಕರಿಸಿ, ಬಹಳ ಸಂತೋಷದಿಂದ ಊರಿಗೆ ಹಿಂತಿರುಗಿದರು. ಅಷ್ಟರಲ್ಲಿ ಅಮ್ಮ ಕೈ ಅಡ್ಡ ಹಿಡಿದರು.

"ಸಂತೋಷದಿಂದ? ಕಣ್ಣೆದುರಿಗಿದ್ದವರು ಹೋಗ್ಬಿಟ್ರು, ಇವರು ಖುಷಿಯಾಗಿ ಬಂದ್ರಾ? ಯಾಕೆ?"

ಅಷ್ಟು ವರ್ಷ ಪಾಠ ಮಾಡಿದ್ದೇನೆ, ಸತ್ಯವಾಗಿಯೂ ಆ ಮಾತಿನ ಮೇಲೆ ನಿಂತೇ ಇರಲಿಲ್ಲ. ತಿರುಗಿ ಬರ್ತಾರೆ ಅನ್ನೋ ನಂಬಿಕೆ ಇತ್ತಲ್ಲ, ಅದಕ್ಕೆ, ಎಂದು ಏನೋ ಹೇಳಿದೆ. ಅಮ್ಮ ಗೋಣು ಆಡಿಸಲಿಲ್ಲ. "ಟೀಚರ್ರು ನೀನು. ನಿಂಗೇ ಗೊತ್ತಿಲ್ಲ," ಎಂದು ಗಂಜಿಯ ಲೋಟ ಕೆಳಗಿಟ್ಟರು.

ದಿನ ಹತ್ತಿರ ಬಂತು. ಕುಪ್ಪಸದ ತೋಳಲ್ಲಿ ಅಮ್ಮನ ಕೈ ಕಡ್ಡಿಯ ಹಾಗೆ ಆಡುತ್ತಿತ್ತು. ನಲವತ್ತನೆಯ ದಿನ ನಾನು ಪಕ್ಕದಲ್ಲೇ ಇರಬೇಕು, ಅವರನ್ನು ಹಿಡಿದುಕೊಂಡು ಇರಬೇಕು ಎಂದು ಗಟ್ಟಿ ಮಾಡಿಕೊಂಡೆ. ಕ್ಯಾಲೆಂಡರು ತೆಗೆದು ಆ ಭಾನುವಾರದ ತಾರೀಖಿಗೆ ನಲವತ್ತು ಕೂಡಿಸಿದೆ. ಶುಕ್ರವಾರ ಬಂತು. ಪೆನ್ನಿನಿಂದ ಸುತ್ತು ಹಾಕಿ, ಹೆಡ್‌ಮಾಸ್ಟರ ಹತ್ತಿರ ಶುಕ್ರವಾರಕ್ಕೆ ರಜೆ ಬರೆದುಕೊಟ್ಟೆ. ಅತ್ತೆಯ ಹತ್ತಿರ ಕಲಿತದ್ದನ್ನು ನಾನು ಮೂರರವರೆಗೆ ಮಾತ್ರ ಕಲಿತಿದ್ದೆ ಕಾಣುತ್ತದೆ.

ಗುರುವಾರ ಮಧ್ಯಾಹ್ನ ಊಟದ ಬೆಲ್ಲು ಹೊಡೆದಿತ್ತು. ಆಫೀಸಿನಿಂದ ಕರೆ ಬಂತು, ಫೋನ್ ಬಂದಿದೆ ಎಂದು. ಎದುರು ಮನೆಯ ಹೆಂಗಸು. "ಟೀಚರ್ ಬಾಯಾರ, ನಾ ಈಗ ಕೆಲಸದಿಂದ ಬಂದೀನ್ರಿ. ನಿಮ್ಮವ್ವಾರ ಮನಿಗೆ ಕೀಲಿ ಹಾಕೇತಿ. ಎಷ್ಟು ಕರದ್ರೂ ಓ ಅನವಲ್ರು. ಎಲ್ಲಿ ಹೋಗ್ಯಾರೋ ಏನೋ, ಲಗೂನ ಬರ್ರಿ."

ಬೀಗ! ಒಪ್ಪಂದವಾದ ದಿನದಿಂದ ಹಗಲಲ್ಲಿ ಒಂದು ಗಳಿಗೆಯೂ ಮುಚ್ಚದ ಬಾಗಿಲಿಗೆ ಬೀಗ. ಅಮ್ಮ ಒಬ್ಬರೇ ಎಲ್ಲಿಗೂ ಹೋದವರಲ್ಲ. ಬಸ್ಸಿನ ಬೋರ್ಡು ಓದಲು ಬಾರದು. ಮದುವೆಯಾದಾಗಿನಿಂದ ಅಪ್ಪನ ಹಿಂದೆ ಹತ್ತಿ ಅಪ್ಪನ ಹಿಂದೆ ಇಳಿದವರು. ಊಟದ ಡಬ್ಬಿ ಬಿಟ್ಟು, ಯಾರಿಗೂ ಹೇಳದೆ ಆಟೋ ಹತ್ತಿದೆ. ದಾರಿಯಲ್ಲಿ ಆಟೋದವರು, "ಯಾಕಕ್ಕ, ಆಸ್ಪತ್ರೆಗಾ?" ಎಂದು ಕೇಳಿದರು. ಬೇಗ ಹೋಗಿ ಎಂದಷ್ಟೇ ಅಂದೆ.

ಬಾಗಿಲಿಗೆ ನಿಜವಾಗಿಯೂ ಬೀಗ ಬಿದ್ದಿತ್ತು. ಕಿಟಕಿಯಿಂದ ಇಣುಕಿ ನೋಡಿದೆ. ಒಲೆ ತಣ್ಣಗಿತ್ತು, ಅಪ್ಪನ ಕುರ್ಚಿಯನ್ನು ಗೋಡೆಗೆ ಒರಗಿಸಿ ಇಡಲಾಗಿತ್ತು, ಎರಡೂ ತಟ್ಟೆ ತೊಳೆದು ಬೋರಲು ಹಾಕಿತ್ತು. ಎಲ್ಲ ಮುಗಿಸಿ ಹೋದವರ ಮನೆಯ ಹಾಗಿತ್ತು. "ಆಮೇಲೆ ನೋಡೋಣ" ಎಂದದ್ದು ಕಿವಿಯಲ್ಲಿ ಕೂಗಿತು. ಮನೆಯಿಂದ ಕೆರೆಗೆ ಐದು ನಿಮಿಷದ ದಾರಿ.

ಓಡಿದೆ. ಒಂದು ಚಪ್ಪಲಿ ಎಲ್ಲಿ ಕಿತ್ತುಹೋಯಿತೋ, ಇನ್ನೊಂದನ್ನು ಎಲ್ಲಿ ಬಿಟ್ಟೆನೋ ಗೊತ್ತಿಲ್ಲ. ದಂಡೆಯ ಮೇಲೆ ಎಮ್ಮೆ ತೊಳೆಯುತ್ತಿದ್ದವರನ್ನು ಕೇಳಿದೆ, "ಬಿಳಿ ಸೀರೆ ಉಟ್ಟ ವಯಸ್ಸಾದವರು ಈ ಕಡೆ ಬಂದ್ರಾ?" ಅವರು ನನ್ನ ಮುಖ ನೋಡಿ ಎದ್ದು ನಿಂತರು. ಇಬ್ಬರು ನನ್ನ ಜೊತೆಗೆ ಜೊಂಡಿನ ಕಡೆಗೆಲ್ಲ ಬಂದು ಹುಡುಕಿದರು. ನೀರಿನಲ್ಲಿ ಏನಾದರೂ ಬೆಳ್ಳಗೆ ಕಂಡರೆ ಕೆಸರಿಗೆ ಇಳಿದುಬಿಡುತ್ತಿದ್ದೆ. ಪ್ಲಾಸ್ಟಿಕ್ ಚೀಲ, ಕೊಕ್ಕರೆ, ಪ್ಲಾಸ್ಟಿಕ್ ಚೀಲ. ದೇವರನ್ನು ಬೇಡಿಕೊಳ್ಳಲಿಲ್ಲ, ಬೈದೆ. ನಲವತ್ತು ದಿನ ಕಾದವಳಿಗೆ ನೀನು ಕೊಟ್ಟದ್ದು ಇದೇನಾ ಎಂದು ಗಟ್ಟಿಯಾಗಿಯೇ ಕೇಳಿದೆ. ಎಮ್ಮೆಯವರು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ.

ಮೇಲಿನ ರಸ್ತೆಯ ಅಂಗಡಿಯಲ್ಲಿ ಒಂದು ರೂಪಾಯಿ ನಾಣ್ಯ ಹಾಕುವ ಫೋನು ಇತ್ತು. ನಮ್ಮ ಮನೆಯ ಫೋನು ಮಳೆಗೆ ಸತ್ತು ಎಂಟು ದಿನವಾಗಿತ್ತು. ಮೊಬೈಲು ಇದ್ದದ್ದು ನನ್ನ ಗಂಡನ ಹತ್ತಿರ ಮಾತ್ರ. ಅವರಿಗೆ ಕುರುಬರಹಳ್ಳಿ ಸರ್ಕಲ್ ಹತ್ತಿರ ಮಿಕ್ಸಿ ರಿಪೇರಿಯ ಅಂಗಡಿ. "ಅಮ್ಮ ಇಲ್ಲ," ಎಂದಷ್ಟೇ ಹೇಳಲಾಯಿತು ನನಗೆ. "ಅಲ್ಲೇ ಇರು, ಮನೆಗೆ ಹೋಗಿ ಸ್ಕೂಟ್ರು ತಗೊಂಡು ಬರ್ತೀನಿ," ಎಂದು ಅಂಗಡಿಯ ನಂಬರು ಬರೆದುಕೊಂಡರು. ನಾನು ಅಂಗಡಿಯ ಮೆಟ್ಟಿಲ ಮೇಲೆ ಕಾಯುತ್ತ ಕೂತೆ. ಹತ್ತು ನಿಮಿಷದ ಮೇಲೆ ಅಂಗಡಿಯವರು ಕೂಗಿದರು, "ಮೇಡಂ, ನಿಮಗೇ ಫೋನು!"

ನನ್ನ ಗಂಡ ನಗುತ್ತಿದ್ದರು. ಅಳುತ್ತಲೂ ಇದ್ದರೇನೋ. "ಮಾರಾಯ್ತಿ, ನಿಮ್ಮಮ್ಮ ಇಲ್ಲೇ ಇದ್ದಾರೆ. ಹತ್ತು ಗಂಟೆಗೇ ಬಂದ್ರಂತೆ. ನಮ್ಮಮ್ಮನ ಜೊತೆ ಸೊಪ್ಪು ಬಿಡಿಸ್ತಾ ಕೂತಿದ್ದಾರೆ."

ಬರಿಗಾಲಲ್ಲೇ ಮನೆಗೆ ಬಂದೆ. ಅಡುಗೆಮನೆಯ ನೆಲದ ಮೇಲೆ ಎರಡು ಎಲೆ, ಇಬ್ಬರು ಮುದುಕಿಯರು ಎದುರುಬದುರು. ಅಮ್ಮನ ಎಲೆಯಲ್ಲಿ ಮುದ್ದೆ ಅರ್ಧ ಮುಗಿದಿತ್ತು, ಬಸ್ಸಾರು ಮೊಣಕೈವರೆಗೆ ಇಳಿದಿತ್ತು. ಅಮ್ಮ ಹಾಗೆ ಉಣ್ಣುವುದನ್ನು ನೋಡಿ ನಲವತ್ತು ದಿನವಾಗಿತ್ತು. ಸಂತೋಷಪಡಬೇಕೋ ಬೇಡವೋ? ನನಗೆ ಬಂದದ್ದು ಕೆಂಡದಂಥ ಕೋಪ.

"ಏನಮ್ಮಾ ಇದು? ಹೇಳ್ದೆ ಕೇಳ್ದೆ ಬೀಗ ಹಾಕ್ಕೊಂಡು ಬರೋದಾ? ನಾಳೆ ನಾನು ರಜೆ ಹಾಕಿದೀನಿ ಅಂತ ಹೇಳಿರ್ಲಿಲ್ವಾ? ನಾಳೆ ತಾನೆ ನಲವತ್ತು?"

ಅಮ್ಮ ತುತ್ತು ನುಂಗಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಸ್ವರ್ಗಾರೋಹಣದ ಆರಾಧನೆ ಯಾವ ವಾರ ಇರತ್ತೆ?"

"ಗುರುವಾರ."

"ಒಂದು ವರ್ಷನಾದ್ರೂ ಶುಕ್ರವಾರ ಬಂದಿದ್ದು ನೋಡಿದೀಯಾ? ಈಸ್ಟರ್ ಭಾನುವಾರಾನೂ ಸೇರಿಸಿ ನಲವತ್ತು. ಇವತ್ತು ಗುರುವಾರ. ಏನು ಟೀಚರ್ರೋ ಏನೋ!"

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕ ನಗು ಬೀದಿಗೆ ಕೇಳಿಸಿರಬೇಕು. ನಾನು ಗೋಡೆಗೆ ಒರಗಿ ಕೂತು, ಕೆರೆಯ ಕೆಸರು ಮೆತ್ತಿದ ಕಾಲು ಚಾಚಿ, ಗೊಳೋ ಎಂದು ಅತ್ತುಬಿಟ್ಟೆ. ಅಮ್ಮನಿಗೆ ಆಗ ಅರ್ಥವಾಯಿತು ನಾನು ಎಲ್ಲೆಲ್ಲಿ ಹುಡುಕಿ ಬಂದೆನೆಂದು. ಎಡಗೈಯಿಂದ ನನ್ನ ಕಾಲನ್ನು ಮುಟ್ಟಿದರು.

"ಹುಚ್ಚಿ," ಎಂದರು. "ನಾನ್ಯಾಕೆ ಸಾಯ್ಲಿ? ಬೆಳಗ್ಗೆ ಎದ್ದೆ. ನಲವತ್ತಾಯ್ತು, ಅವರು ಬರ್ಲಿಲ್ಲ. ಅತ್ತು ಮುಗಿಸ್ದೆ. ಆಮೇಲೆ ಅಂದ್ಕೊಂಡೆ, ಇನ್ನು ಕೂರೋಕೆ ಲೆಕ್ಕ ಇಲ್ಲ, ಬೀಗರ ಮನೆಗಾದ್ರೂ ಹೋಗೋಣ ಅಂತ. ಕೇಳ್ಕೊಂಡು ಕೇಳ್ಕೊಂಡು ಎರಡು ಬಸ್ಸು ಹತ್ತಿದೆ ಕಣೇ, ನಾನೊಬ್ಳೇ! ಒಂದು ಕಡೆ ಎಲ್ರೂ ಇಳಿದ್ರು ಅಂತ ನಾನೂ ಏಳಕ್ಕೆ ಹೋದೆ. ಆಗ ನಿಮ್ಮಪ್ಪ ಪಕ್ಕದಲ್ಲೇ ಕೂತು, 'ಏ ಕೂತ್ಕೋ, ನಮ್ದು ಇನ್ನೂ ಎರಡು ಸ್ಟಾಪಿದೆ' ಅಂದಂಗಾಯ್ತು. ದಿನಾ ಅಂತಿದ್ರಲ್ಲ, ಹಂಗೇ. ಸರಿಯಾಗಿ ಎರಡೇ ಸ್ಟಾಪು."

ಇನ್ನೊಂದು ತುತ್ತು ನುಂಗಿ ಮತ್ತೆ ಹೇಳಿದರು. "ಆ ಶಿಷ್ಯರು ಖುಷಿಯಾಗಿ ಯಾಕೆ ಬಂದ್ರು ಅಂತ ಬಸ್ಸಲ್ಲೇ ಗೊತ್ತಾಯ್ತು. ಸ್ವಾಮಿ ಇಲ್ಲೇ ಇದ್ದಿದ್ರೆ ಒಂದು ಊರಲ್ಲಿ ಇರ್ತಿದ್ರು, ಇನ್ನೊಂದು ಊರಲ್ಲಿ ಇರ್ತಿರ್ಲಿಲ್ಲ. ಮಿಕ್ಕೋರೆಲ್ಲ ಬಾಗಿಲಲ್ಲಿ ಕಾಯ್ತಾ ಕೂರ್ಬೇಕಿತ್ತು, ನನ್ನಂಗೆ. ಮೇಲಕ್ಕೆ ಹೋದ್ಮೇಲೇನೇ ಎಲ್ಲಾರ ಜೊತೇಲೂ ನಡೆಯೋಕೆ ಆಗಿದ್ದು. ನಾನು ಮುಟ್ಠಾಳಿ, ಒಂದೇ ಹೊಸ್ತಿಲಲ್ಲಿ ಹುಡುಕ್ತಾ ಇದ್ದೆ."

ಪಾದ್ರಿಗಳ ಎಷ್ಟೋ ಪ್ರಸಂಗ ಕೇಳಿದ್ದೇನೆ, ಎಷ್ಟೋ ವ್ಯಾಖ್ಯಾನ ಓದಿದ್ದೇನೆ. ಸ್ವರ್ಗಾರೋಹಣದ ಅರ್ಥವನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರು ನನಗೆ ಸಿಕ್ಕಿಲ್ಲ, ಸಿಗುವುದೂ ಇಲ್ಲ. ಎರಡು ತಿಂಗಳ ವಿಶ್ರಾಂತಿ ಮುಗಿದ ಮೇಲೆ ಮಕ್ಕಳಿಗೆ ಹೇಳಿಕೊಟ್ಟದ್ದು ಇದನ್ನೇ. ಹಿರಿಯರು ಹಿಂದಿನ ಬೆಂಚಿನಲ್ಲಿ ಕೂತು ಕೊನೆಯವರೆಗೂ ಕೇಳಿದರು.

ಆದರೆ ಅಂದು ಅಡುಗೆಮನೆಯಲ್ಲಿ ನನಗೆ ಅರ್ಥ ಗಿರ್ಥ ಏನೂ ಬೇಕಿರಲಿಲ್ಲ. ಅಮ್ಮನ ದವಡೆ ಆಡುವುದನ್ನೇ ನೋಡುತ್ತ ಕೂತಿದ್ದೆ. ಅತ್ತೆ ಕೇಳದೆಯೇ ಇನ್ನೊಂದು ಮುದ್ದೆ ಇಟ್ಟರು, ಅಮ್ಮ ಬೇಡ ಅನ್ನಲಿಲ್ಲ. ಉಂಡು ಕೈ ತೊಳೆದು ಬಂದು, ಸೊಂಟದ ಚೀಲದಿಂದ ಮನೆಯ ಬೀಗದ ಕೈ ತೆಗೆದು ನನ್ನ ಮಡಿಲಿಗೆ ಹಾಕಿದರು.

"ಇದಕ್ಕೆ ಇನ್ನೊಂದು ಮಾಡಿಸಿ ನಿನ್ನ ಹತ್ರ ಇಟ್ಕೋ. ಇನ್ಮೇಲೆ ನೀನು ಬಂದಾಗೆಲ್ಲ ನಾನು ಮನೇಲೇ ಇರ್ತೀನಿ ಅನ್ನೋ ಹಾಗಿಲ್ಲ."